ಕಾಲಿನ ರೋಮ ಹೇಳಿದ ಸತ್ಯ: ಶೋಕೇಸಿನ ಉಳುವ ಕುದುರೆಯನ್ನು ಗುರುತಿಸುವುದು ಹೇಗೆ?

ಪಾರ್ಸೆಲ್ ಬಂದದ್ದು ಆಟಿ ತಿಂಗಳ ಒಂದು ಮಧ್ಯಾಹ್ನ. ಮಣ್ಣಗುಡ್ಡೆಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗಿರಲಿಲ್ಲ. ರಟ್ಟಿನ ಪೆಟ್ಟಿಗೆಯೂ ಗಾಳಿ ತಾಗಿದ ಹಪ್ಪಳದ ಹಾಗೆ ಮೆತ್ತಗಾಗಿತ್ತು. ಬಿಚ್ಚಿದರೆ ಒಳಗೆ ಹಳೇ ಪೇಪರು, ಅದರೊಳಗೆ ಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗೆ ಪ್ಲಾಸ್ಟಿಕ್ಕಿನ ಮಾಡೆಲ್ ಕುದುರೆ. ಕೆಂಪು ಮಿಶ್ರಿತ ಕಂದು ಬಣ್ಣ, ದಪ್ಪ ಕುತ್ತಿಗೆ, ಪೀಪಾಯಿಯಂಥ ಹೊಟ್ಟೆ. ಜೊತೆಗೊಂದು ಚೀಟಿ: 'ಸಫೋಕ್ ಪಂಚ್'. ಸೆಕೆಂಡ್ ಹ್ಯಾಂಡ್ ಮಾಲು. ಕುದುರೆಯ ಬೆಲೆಗಿಂತ ಅದು ಇಲ್ಲಿಗೆ ಬಂದ ಖರ್ಚೇ ಜಾಸ್ತಿ. ಆದರೂ ತುಂಬ ದಿನದಿಂದ ಹುಡುಕುತ್ತಿದ್ದ ತಳಿ, ಹಾಗಾಗಿ ಖುಷಿಯಲ್ಲಿದ್ದೆ.

ಅದೇ ಸಂಜೆ ಬಂಟ್ವಾಳ ಕಡೆಯಿಂದ ಮಾವ ಬಂದರು. ಒಂದು ಕಾಲದಲ್ಲಿ ಕಂಬಳದ ಕೋಣ ಸಾಕಿದವರು. ನಾನು ಕುದುರೆಯನ್ನು ಕೈಗೆ ಕೊಟ್ಟೆ. ಮುಖ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಹೆಗಲಿನ ಮೇಲೊಮ್ಮೆ ಬೆರಳಾಡಿಸಿ, ಸೀದಾ ಕಾಲು ನೋಡಿದರು.

"ಇದು ಎಂತ ಕೆಲಸ ಮಾಡುವ ಕುದುರೆ?"

"ಹೊಲ ಉಳುವುದು ಮಾವ. ಇಂಗ್ಲೆಂಡಿನದ್ದು. ಅಲ್ಲಿ ಪೂರಾ ಅಂಟು ಮಣ್ಣು."

"ಅಂಟು ಮಣ್ಣಾ? ಮತ್ತೆ ಕಾಲಿಗೆ ಇಷ್ಟುದ್ದ ರೋಮ ಎಂತಕ್ಕೆ ಮಾರಾಯ? ಕೆಸರು ಹಿಡಿದರೆ ದಿನಾ ತೊಳೆಯುವವ ಯಾರು?"

ಸಫೋಕ್ ಎಂಬ ಊರಿನ ಹೆಸರನ್ನೇ ಕೇಳದ ಮನುಷ್ಯ ಒಂದೇ ಪ್ರಶ್ನೆಯಲ್ಲಿ ಚೀಟಿಯನ್ನು ಸುಳ್ಳು ಮಾಡಿಬಿಟ್ಟರು. ಯಾಕೆಂದರೆ ನಿಜವಾದ ಸಫೋಕ್ ಪಂಚ್ ಕುದುರೆಯ ಕಾಲಿನಲ್ಲಿ ಉದ್ದ ರೋಮ ಇರುವುದೇ ಇಲ್ಲ. ಇಲ್ಲದಿರುವುದಕ್ಕೆ ಕಾರಣವೂ ಅವರು ಹೇಳಿದ್ದೇ.

ಮಾಡೆಲ್ ಕುದುರೆ ಸಂಗ್ರಹಿಸುವವರಿಗೆ ತಳಿ ಎನ್ನುವುದು ದೊಡ್ಡ ತಲೆನೋವು. ಕಾರಿನ ಮಾಡೆಲ್ ಆದರೆ ಕಂಪನಿ ಹೆಸರು, ವರ್ಷ ನೋಡಿದರೆ ಮುಗಿಯಿತು. ಕುದುರೆಯ ಮೈಮೇಲೆ ಹೆಸರು ಬರೆದಿರುವುದಿಲ್ಲ. ಅದರಲ್ಲೂ ದುಡಿಯುವ ತಳಿಗಳನ್ನು ಗುರುತಿಸಬೇಕಾದರೆ ಅವು ಯಾವ ಮಣ್ಣಿನಲ್ಲಿ, ಏನು ಎಳೆಯುತ್ತಿದ್ದವು ಎಂಬುದು ಮೊದಲು ಗೊತ್ತಿರಬೇಕು.

ನಮ್ಮ ಕಡೆ ಇದು ಸುಲಭವಾಗಿ ತಲೆಗೆ ಹೋಗುವುದಿಲ್ಲ. ನಮಗೆ ಕುದುರೆ ಎಂದರೆ ರಾಜನ ಸವಾರಿ, ಮದುಮಗನ ಮೆರವಣಿಗೆ, ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ತೆಗೆಯುವ ಫೋಟೊ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ಭಟ್ಕಳದಂಥ ನಮ್ಮ ಕರಾವಳಿಯ ಬಂದರುಗಳಲ್ಲೇ. ಆದರೆ ಅವು ಇಲ್ಲಿ ನಿಲ್ಲಲಿಲ್ಲ, ಘಟ್ಟ ಹತ್ತಿ ಸೈನ್ಯ ಸೇರಿದವು. ನಮ್ಮ ಗದ್ದೆಗೆ ಇಳಿದದ್ದು ಕೋಣ ಮತ್ತು ಎತ್ತು. ದುಡಿಯುವ ಕುದುರೆಯ ಗುರುತು ನಮ್ಮಲ್ಲಿ ಉಳಿದಿದ್ದರೆ ಅದು ಪಂಪ್‌ಸೆಟ್ಟಿನ ಮೇಲೆ. ಮಾವನ ತೋಟದ ಪಂಪು 3 ಎಚ್‌ಪಿ. ಆ 'ಎಚ್' ಇದೇ ಗಾಡಿ ಎಳೆಯುವ, ಗಾಣ ತಿರುಗಿಸುವ ಕುದುರೆ. ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ಹೇಳಲು ಜೇಮ್ಸ್ ವಾಟ್ ಮಾಡಿಕೊಂಡ ಲೆಕ್ಕ ಅದು. ಈಗಿನ ಅಳತೆಯಲ್ಲಿ ಒಂದು ಎಚ್‌ಪಿ ಎಂದರೆ ಸುಮಾರು 746 ವ್ಯಾಟ್.

ಎತ್ತು, ಕೋಣಗಳ ಹೆಗಲ ಮೇಲೆ ನೊಗ ಇಡುತ್ತೇವೆ. ನಮ್ಮ ಎತ್ತಿಗೆ ಹಿಣಿಲು ಇದೆ, ನೊಗ ಅದಕ್ಕೆ ಆನಿಕೊಂಡು ನಿಲ್ಲುತ್ತದೆ. ಕುದುರೆಗೆ ಹಿಣಿಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿ ಎಳೆಸಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಕುದುರೆಗೆ ಬೇರೆಯದೇ ಸಾಧನ ಬೇಕಾಯಿತು: ಹುಲ್ಲು ತುಂಬಿ ಹೊಲಿದ ದಪ್ಪ ಕೊರಳ ಬಳೆ. ಅದು ಭಾರವನ್ನು ಗಂಟಲಿನಿಂದ ತಪ್ಪಿಸಿ ಎರಡೂ ಭುಜಗಳ ಮೇಲೆ ಹಾಕುತ್ತದೆ. ಚೀನಾದಲ್ಲಿ ಹುಟ್ಟಿದ ಈ ಉಪಾಯ ಮಧ್ಯಯುಗದಲ್ಲಿ ಯುರೋಪಿಗೆ ತಲುಪಿದ ಮೇಲೆ ಅಲ್ಲಿನ ಉಳುಮೆಯೇ ಬದಲಾಯಿತು. ಎತ್ತಿನ ಜಾಗಕ್ಕೆ ನಿಧಾನವಾಗಿ ಕುದುರೆ ಬಂತು.

ಮಾಡೆಲ್ ನೋಡುವಾಗ ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂದರೆ ಭುಜದಲ್ಲಿ. ಸವಾರಿ ಕುದುರೆಯ ಭುಜ ಹಿಂದಕ್ಕೆ ಚೆನ್ನಾಗಿ ವಾಲಿರುತ್ತದೆ, ಹೆಜ್ಜೆ ಉದ್ದಕ್ಕೆ ಬೀಳಬೇಕಲ್ಲ. ಎಳೆಯುವ ಕುದುರೆಯ ಭುಜ ಅದಕ್ಕಿಂತ ನೆಟ್ಟಗೆ, ಅಗಲ ಜಾಸ್ತಿ. ಕೊರಳ ಬಳೆ ಸರಿಯಾಗಿ ಕೂರಬೇಕು. ಅಗ್ಗದ ಗೊಂಬೆಗಳಲ್ಲಿ ಸವಾರಿ ಕುದುರೆಯನ್ನೇ ಊದಿಸಿ ದಪ್ಪ ಮಾಡಿರುತ್ತಾರೆ, ಭುಜ ಮಾತ್ರ ವಾಲಿಕೊಂಡೇ ಇರುತ್ತದೆ. ಮಾವ ಮೊದಲು ಬೆರಳಾಡಿಸಿದ್ದು ಅಲ್ಲಿಗೇ. "ಹೆಗಲು ಅಡ್ಡಿಲ್ಲ" ಅಂದರು. ಕೋಣ ನೋಡಿ ಅಭ್ಯಾಸವಾದ ಕೈ.

ಈಗ ಸಫೋಕ್ ಪಂಚ್ ವಿಷಯ. ಇಂಗ್ಲೆಂಡಿನ ಪೂರ್ವದ ಅಂಚಿನಲ್ಲಿ ಸಫೋಕ್, ನಾರ್‌ಫೋಕ್ ಎಂಬ ಜಿಲ್ಲೆಗಳಿವೆ. ಭಾರದ ಜೇಡಿಮಣ್ಣು. 'ಪಂಚ್' ಅಂದರೆ ಅಲ್ಲಿನ ಹಳೆಯ ಮಾತಿನಲ್ಲಿ ಗಿಡ್ಡ, ಗಟ್ಟಿಮುಟ್ಟು ಎಂದರ್ಥ. ಹೆಸರಿಗೆ ತಕ್ಕಂತೆ ಕಾಲು ಗಿಡ್ಡ, ಮೈ ದೊಡ್ಡದು, ತೂಕ ಹತ್ತಿರ ಹತ್ತಿರ ಒಂದು ಟನ್. ಕಾಲಿನಲ್ಲಿ ರೋಮ ಇದ್ದರೆ ಜೇಡಿ ಮೆತ್ತಿಕೊಂಡು ಗಂಟಾಗುತ್ತದೆ, ಕೆಳಗಿನ ಚರ್ಮ ಒದ್ದೆಯಾಗಿ ಹುಣ್ಣಾಗುತ್ತದೆ. ಹಾಗಾಗಿ ಅಲ್ಲಿನ ರೈತರು ಬೋಳು ಕಾಲಿನ ಕುದುರೆಗಳನ್ನೇ ಆರಿಸಿ ಆರಿಸಿ ಮರಿ ಹಾಕಿಸಿದರು.

ಆ ಹೊಟ್ಟೆಗೂ ಕಾರಣ ಇದೆ. ಬೆಳಿಗ್ಗೆ ಹೂಡಿದರೆ ಮಧ್ಯಾಹ್ನ ದಾಟುವವರೆಗೆ ಒಂದೇ ಸಮ ಉಳುವ ಪದ್ಧತಿ ಆ ಕಡೆ ಇತ್ತು. ನಡುವೆ ನಿಲ್ಲಿಸಿ ಮೇವು ಕೊಡುವುದಿಲ್ಲ. ಹೊಟ್ಟೆ ದೊಡ್ಡದಿದ್ದರೆ ಬೆಳಿಗ್ಗೆ ತಿಂದದ್ದರಲ್ಲೇ ದಿನದೂಡಬಹುದು. ಮಾಡೆಲ್ಲಿನಲ್ಲಿ ಪಕ್ಕೆಯ ಆಳ ಕಡಿಮೆಯಾಗಿದ್ದರೆ ಅದು ಸಫೋಕ್ ಆಗುವುದಿಲ್ಲ, ಬಣ್ಣ ಎಷ್ಟೇ ಸರಿ ಇರಲಿ. (ಮೇವು ಅಂದಾಗ ನೆನಪಾಯಿತು. ನಾವು ಕಂಬಳದ ಕೋಣಕ್ಕೆ ಬೇಯಿಸಿ ಹಾಕುವ ಹುರುಳಿಗೆ, ತುಳುವಿನ ಕುಡುವಿಗೆ, ಇಂಗ್ಲಿಷಿನಲ್ಲಿ 'ಹಾರ್ಸ್ ಗ್ರಾಮ್' ಎಂದೇ ಹೆಸರು. ಬೇರೆ ಊರಿನ ಕುದುರೆ ತಿನ್ನುವುದನ್ನು ನಮ್ಮಲ್ಲಿ ಕೋಣ ತಿನ್ನುತ್ತದೆ, ರಾತ್ರಿ ಸಾರು ಮಾಡಿ ನಾವೂ ತಿನ್ನುತ್ತೇವೆ.)

ಬಣ್ಣದ ಕತೆ ಇನ್ನೂ ವಿಚಿತ್ರ. ಸಫೋಕ್ ಪಂಚ್ ಒಂದೇ ಬಣ್ಣದಲ್ಲಿ ಬರುತ್ತದೆ, ಚೆಸ್ಟ್‌ನಟ್. ಅಂದರೆ ಕೆಂಪಿನಿಂದ ಕಂದಿನವರೆಗಿನ ಛಾಯೆ. ಆ ತಳಿಯವರು ಇಂಗ್ಲಿಷಿನಲ್ಲಿ ಅದನ್ನು ಬರೆಯುವಾಗ ನಡುವಿನ 'ಟಿ' ಅಕ್ಷರವನ್ನೇ ಬಿಟ್ಟು ಬರೆಯುತ್ತಾರೆ. ಹಳೆಯ ಕಾಗುಣಿತವಂತೆ, ಬದಲಾಯಿಸಲು ಮನಸ್ಸಿಲ್ಲ. ಒಂದೇ ಬಣ್ಣದೊಳಗೆ ಏಳು ಛಾಯೆಗಳನ್ನು ಹೆಸರಿಟ್ಟು ಗುರುತಿಸುತ್ತಾರೆ. ಇಂದಿನ ಸಫೋಕ್‌ಗಳ ಗಂಡು ವಂಶವೆಲ್ಲ ಒಂದೇ ಕುದುರೆಗೆ ಹೋಗಿ ಸೇರುತ್ತದೆ: 1768ರಲ್ಲಿ ಹುಟ್ಟಿದ, ಉಫರ್ಡ್ ಎಂಬ ಊರಿನ ಕ್ರಿಸ್ಪ್ ಎಂಬವರ ಕುದುರೆ. ತಳಿಯ ಸಂಘ ಶುರುವಾದದ್ದು 1877ರಲ್ಲಿ. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ಬಂತು, ಕುದುರೆಗಳು ಕಸಾಯಿಖಾನೆಗೆ ಹೋದವು. 1966ರಲ್ಲಿ ದಾಖಲಾದ ಮರಿಗಳು ಬರೀ ಒಂಬತ್ತು. ತಳಿ ಉಳಿದದ್ದರಲ್ಲಿ ಹೊಲ್ಸ್‌ಲಿ ಬೇ ಎಂಬಲ್ಲಿನ ಜೈಲಿನ ಕೈದಿಗಳ ಕೈಯೂ ಇದೆ. ಆ ಜೈಲಿನ ಲಾಯದಲ್ಲಿ ಬಹಳ ವರ್ಷ ಸಫೋಕ್‌ಗಳನ್ನು ಸಾಕುತ್ತಿದ್ದರು.

ಹಾಗಾದರೆ ನನ್ನ ಶೋಕೇಸಿಗೆ ಬಂದದ್ದು ಯಾರು? ಗೊರಸನ್ನು ಮುಚ್ಚುವಷ್ಟು ಉದ್ದ ರೋಮ, ಎತ್ತರದ ಕಾಲು, ಎತ್ತಿ ಹಿಡಿದ ತಲೆ. ಇವೆಲ್ಲ ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ತಳಿಯ ಲಕ್ಷಣ. ಕ್ಲೈಡ್ ನದಿಯ ಕಣಿವೆಯಲ್ಲಿ ಬೆಳೆದ ಈ ಕುದುರೆ ಉಳುಮೆಯನ್ನೂ ಮಾಡಿತು, ಊರಿನ ರಸ್ತೆಯಲ್ಲಿ ಕಲ್ಲಿದ್ದಲಿನ ಗಾಡಿಯನ್ನೂ ಎಳೆಯಿತು. ಹೆಜ್ಜೆ ಎತ್ತಿ ಎತ್ತಿ ಇಡುತ್ತದೆ, ನೋಡಲು ಚೆಂದ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಸಡಿಲವಾದಾಗ ಬಡ್‌ವೈಸರ್ ಕಂಪನಿ ಬಿಯರ್ ಗಾಡಿಗೆ ಕಟ್ಟಿ ಮೆರೆಸಿದ್ದು ಇದನ್ನೇ. ಮಾಡೆಲ್ ಲೋಕದಲ್ಲಿ ಕ್ಲೈಡ್ಸ್‌ಡೇಲ್ ಇಷ್ಟೊಂದು ಕಾಣಿಸುವುದರಲ್ಲಿ ಆ ಗಾಡಿಯ ಪಾಲೂ ಇದೆ ಅನ್ನುವುದು ನನ್ನ ಅಂದಾಜು.

ಆದರೆ ಕ್ಲೈಡ್ಸ್‌ಡೇಲ್‌ಗೆ ಸಾಮಾನ್ಯವಾಗಿ ನಾಲ್ಕೂ ಕಾಲು ಬಿಳಿ, ಮುಖದಲ್ಲಿ ಅಗಲ ಬಿಳಿ ಪಟ್ಟೆ. ನನ್ನದಕ್ಕೆ ಅದ್ಯಾವುದೂ ಇಲ್ಲ. ಮೈ ಸ್ಕಾಟ್ಲೆಂಡಿನದ್ದು, ಬಣ್ಣ ಸಫೋಕಿನದ್ದು.

ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಈ ಕುದುರೆಗಳು ತಯಾರಾಗುವ ರೀತಿ ನೋಡಬೇಕು. ಮೊದಲು ಶಿಲ್ಪಿ ಕೈಯಿಂದ ಮೂಲ ಮೂರ್ತಿ ಮಾಡುತ್ತಾರೆ. ಅದರಿಂದ ಉಕ್ಕಿನ ಅಚ್ಚು ಆಗುತ್ತದೆ, ಎಡ ಒಂದು ಹೋಳು, ಬಲ ಒಂದು ಹೋಳು. ಕರಗಿಸಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ತುಂಬಿ, ತಣಿದ ಮೇಲೆ ಎರಡು ಹೋಳು ಅಂಟಿಸಿ, ಬೆಸುಗೆ ಗೆರೆ ಕಾಣದಂತೆ ಉಜ್ಜುತ್ತಾರೆ. ಆಮೇಲೆ ಬಣ್ಣ. ದೊಡ್ಡ ಭಾಗಕ್ಕೆ ಗಾಳಿಯ ಪಿಚಕಾರಿ, ಬಿಳಿ ಮಚ್ಚೆ ಬೇಕಾದ ಕಡೆ ಲೋಹದ ಮರೆ, ಕಣ್ಣು ಗೊರಸಿಗೆ ಕೈ ಕುಂಚ.

ಉಕ್ಕಿನ ಅಚ್ಚಿಗೆ ಬಹಳ ದುಡ್ಡು ಬೀಳುತ್ತದೆ. ಹಾಗಾಗಿ ಒಂದು ಅಚ್ಚು ಮಾಡಿದ ಕಂಪನಿ ಅದನ್ನು ದಶಕಗಟ್ಟಲೆ ದುಡಿಸುತ್ತದೆ. ಈ ವರ್ಷ ಕಂದು, ಮುಂದಿನ ವರ್ಷ ಕಪ್ಪು, ಆಮೇಲೆ ಬೂದು. ಬಣ್ಣ ಬದಲಾದಾಗ ಪೆಟ್ಟಿಗೆಯ ಮೇಲಿನ ತಳಿಯ ಹೆಸರೂ ಬದಲಾಗುವುದುಂಟು. ಸಂಗ್ರಹಕಾರರು ಅಚ್ಚಿಗೊಂದು ಲೆಕ್ಕ, ಬಣ್ಣಕ್ಕೊಂದು ಲೆಕ್ಕ ಇಡುವುದು ಇದಕ್ಕೇ. ಒಬ್ಬರು ಒಂದೇ ಅಚ್ಚಿನ ಎಲ್ಲ ಬಣ್ಣ ಕೂಡಿಸುತ್ತಾರೆ, ಇನ್ನೊಬ್ಬರು ಒಂದೇ ತಳಿಯ ಎಲ್ಲ ಅಚ್ಚು.

ಕಾರ್ಖಾನೆಯ ಬಣ್ಣ ತೆಗೆದು ತಾವೇ ಬಳಿಯುವವರೂ ಇದ್ದಾರೆ. ಅದು ಮೋಸ ಅಲ್ಲ, ಒಂದು ಕಲೆ. ಮೈಯನ್ನು ಕೊರೆದು, ಬಿಸಿ ಮಾಡಿ ಕಾಲು ಬಗ್ಗಿಸಿ, ಹೊಸ ಕೂದಲು ಕೂರಿಸುತ್ತಾರೆ. ಶಿಲ್ಪಿಗಳು ರಬ್ಬರ್ ಅಚ್ಚಿನಲ್ಲಿ ರೆಸಿನ್ ಸುರಿದು ಕೆಲವೇ ಪ್ರತಿಗಳನ್ನು ಬಣ್ಣವಿಲ್ಲದೆ ಮಾರುವುದೂ ಉಂಟು, ಕೊಂಡವರು ಬಣ್ಣ ಹಾಕಿಸಿಕೊಳ್ಳಬೇಕು. ವಿದೇಶಗಳಲ್ಲಿ ಈ ಕುದುರೆಗಳಿಗೆ ಪ್ರದರ್ಶನ, ಸ್ಪರ್ಧೆ ಎಲ್ಲ ನಡೆಯುತ್ತದೆ. ಮೇಜಿನ ಮೇಲೆ ಸಾಲಾಗಿ ಕುದುರೆಗಳು, ತೀರ್ಪುಗಾರರು ಬಗ್ಗಿ ಬಗ್ಗಿ ನೋಡುತ್ತಾ ಹೋಗುತ್ತಾರೆ. ಅಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದ್ಧತಿಯಿದೆ. ಕುದುರೆ ಯಾವ ತಳಿ ಅಂತ ಹೇಳುವುದು ಮಾಲೀಕ. ಕಂಪನಿ ಏನೇ ಬರೆದಿರಲಿ, ಮಾಲೀಕ ಪಕ್ಕದಲ್ಲಿ ಚೀಟಿ ಇಡುತ್ತಾನೆ. ಆ ಚೀಟಿಗೂ ಮೈಗೂ ತಾಳೆಯಾಗುತ್ತದಾ ಅಂತ ತೀರ್ಪುಗಾರ ನೋಡುತ್ತಾನೆ. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆಹಲಗೆ ಅಂತ ವಿಭಾಗ ಇದೆಯಲ್ಲ, ಯಾವುದಕ್ಕೆ ಇಳಿಸುವುದು ಅಂತ ಕೋಣದ ಯಜಮಾನ ತೀರ್ಮಾನಿಸಿದ ಹಾಗೆ. ತಪ್ಪು ವಿಭಾಗಕ್ಕೆ ಇಳಿಸಿದರೆ ಅನುಭವಿಸುವುದೂ ಅವನೇ.

ನನಗೆ ಮಾರಿದವರು ಬೇಕೆಂದೇ ಸುಳ್ಳು ಹೇಳಿದರು ಅಂತ ಅದಕ್ಕೇ ಅನ್ನಿಸುವುದಿಲ್ಲ. ಬಣ್ಣ ನೋಡಿದರು, ಚೀಟಿ ಬರೆದರು. ಮಾವನ ಕಣ್ಣು ಅವರಿಗಿರಲಿಲ್ಲ ಅಷ್ಟೆ.

ಈ ಹವ್ಯಾಸದ ಮೂಲ ಒಂದು ಗಡಿಯಾರ ಅಂದರೆ ನಂಬುತ್ತೀರಾ? 1950ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಬ್ರೇಯರ್ ಎಂಬ ಪ್ಲಾಸ್ಟಿಕ್ ಕಂಪನಿಗೆ ಮಾಸ್ಟರ್‌ಕ್ರಾಫ್ಟರ್ಸ್ ಎಂಬ ಗಡಿಯಾರದವರು ಒಂದು ಆರ್ಡರ್ ಕೊಟ್ಟರು. ಮೇಜಿನ ಗಡಿಯಾರದ ಪಕ್ಕ ನಿಲ್ಲಿಸಲು ಒಂದು ಕುದುರೆ ಬೇಕು. ಕುದುರೆ ತಯಾರಾಯಿತು, ಅಚ್ಚು ಬ್ರೇಯರ್ ಬಳಿಯೇ ಉಳಿಯಿತು. ಗಡಿಯಾರ ಬೇಡ, ಕುದುರೆ ಸಾಕು ಅಂತ ಜನ ಕೇಳತೊಡಗಿದರು. ಮುಂದೆ ಕ್ರಿಸ್ ಹೆಸ್ ಎಂಬ ಶಿಲ್ಪಿ ಆ ಕಂಪನಿಗೆ ದಶಕಗಳ ಕಾಲ ಅಚ್ಚುಗಳ ಮೂಲ ಮಾಡಿಕೊಟ್ಟರು. ಕ್ಲೈಡ್ಸ್‌ಡೇಲ್ ಸಂಸಾರವೂ ಅದರಲ್ಲಿ ಸೇರಿದೆ. 1984ರಲ್ಲಿ ಕಂಪನಿ ರೀವ್ಸ್ ಇಂಟರ್‌ನ್ಯಾಷನಲ್ ಕೈಗೆ ಹೋಯಿತು. 1990ರಿಂದ ಕೆಂಟಕಿಯಲ್ಲಿ ಇದಕ್ಕೆಂದೇ ಬ್ರೇಯರ್‌ಫೆಸ್ಟ್ ಎಂಬ ವಾರ್ಷಿಕ ಜಾತ್ರೆ ನಡೆಯುತ್ತಿದೆ.

ಅಳತೆ ಬಗ್ಗೆ ಸ್ವಲ್ಪ. ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನವರೆಗೆ. ಲೆಕ್ಕ 'ಹ್ಯಾಂಡ್'ನಲ್ಲಿ. ಒಂದು ಹ್ಯಾಂಡ್ ಅಂದರೆ 4 ಇಂಚು, ಅಂದಾಜು ಒಂದು ಅಂಗೈ ಅಗಲ. 16.3 ಅಂತ ಬರೆದರೆ ಹದಿನಾರೂ ಚಿಲ್ಲರೆ ದಶಮಾಂಶ ಅಂತ ಓದಬೇಡಿ, 16 ಹ್ಯಾಂಡ್ ಮತ್ತು 3 ಇಂಚು. ದೊಡ್ಡ ಗಾತ್ರದ ಮಾಡೆಲ್‌ಗಳು ಸಾಮಾನ್ಯವಾಗಿ ಒಂಬತ್ತನೇ ಒಂದರ ಅಳತೆಯವು. ಮಗಳ ಜ್ಯಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ನೋಡಿದೆ. ನನ್ನ ಕುದುರೆ 19 ಸೆಂಟಿಮೀಟರ್. ಒಂಬತ್ತರಿಂದ ಗುಣಿಸಿದರೆ 171, ಅಂದರೆ ಸುಮಾರು 16.3. ಕ್ಲೈಡ್ಸ್‌ಡೇಲ್‌ಗೂ ಸರಿ, ಸಫೋಕ್‌ಗೂ ಸರಿ! ಎತ್ತರ ಒಂದನ್ನೇ ನಂಬಿ ತಳಿ ಹೇಳಬಾರದು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು. ತೂಕದ ಲೆಕ್ಕ ಬೇರೆ. ಉದ್ದ ಒಂಬತ್ತನೇ ಒಂದಾದರೆ ಗಾತ್ರ 729ನೇ ಒಂದಾಗುತ್ತದೆ. 900 ಕೇಜಿಯ ಕುದುರೆ ಕುಗ್ಗಿದರೆ ಒಂದೂಕಾಲು ಕೇಜಿ. ಮಾಡೆಲ್ ಒಳಗೆ ಟೊಳ್ಳು, ಹಾಗಾಗಿ ಕೈಗೆ ಅಷ್ಟು ಭಾರ ಅನ್ನಿಸುವುದಿಲ್ಲ.

ಬಾಲವನ್ನೂ ನೋಡಿ. ಲಗಾಮಿಗೆ, ಸಲಕರಣೆಗೆ ಸಿಕ್ಕಿಕೊಳ್ಳಬಾರದೆಂದು ಗಾಡಿ ಕುದುರೆಗಳ ಬಾಲವನ್ನೇ ಮೊಟಕು ಮಾಡುವ ಕ್ರೂರ ರೂಢಿ ಇತ್ತು. ಬ್ರಿಟನ್ನಿನಲ್ಲಿ 1949ರ ಕಾನೂನು ಅದನ್ನು ನಿಲ್ಲಿಸಿತು. ಮಾಡೆಲ್ಲಿನಲ್ಲಿ ಬಾಲ ಗಿಡ್ಡವಾಗಿದ್ದರೆ ಹಳೇ ಕಾಲದ ಕುದುರೆ ಅಂತ ಲೆಕ್ಕ. ಉದ್ದ ಬಾಲವನ್ನು ಹೆಣೆದು ಮೇಲಕ್ಕೆ ಕಟ್ಟಿದ್ದರೆ ಜಾತ್ರೆಗೆ ಸಿಂಗರಿಸಿದ್ದು.

ಬೆಲೆ ಹೇಗೆ ನಿಲ್ಲುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಆ ಬಣ್ಣದಲ್ಲಿ ಎಷ್ಟು ಬಿಟ್ಟರು, ಕಿವಿ ತುದಿ ಮುರಿದಿದೆಯಾ, ಗೀರು ಬಿದ್ದಿದೆಯಾ, ಅಷ್ಟೇ. ಕೆಲವೊಮ್ಮೆ ಕುಂದೇ ಬೆಲೆ ಆಗುತ್ತದೆ. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಒಳ್ಳೆ ಬಿಳಿ ಪ್ಲಾಸ್ಟಿಕ್ ಸಿಗದೆ, ಸಿಕ್ಕ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಕುದುರೆ ಎರಕ ಹೊಯ್ದು ಮೇಲೆ ಬಿಳಿ ಬಳಿದು ಮಾರಿದರು. ಸೀಮೆಸುಣ್ಣ ಬಳಿದಂತೆ ಕಾಣುವ ಅವನ್ನು 'ಚಾಕಿ' ಅಂತ ಈಗ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಮಂಗಳೂರು, ಉಡುಪಿಯವರಿಗೆ ಮುಖ್ಯವಾದ ವಿಷಯ ಇನ್ನೂ ಬಾಕಿ ಇದೆ. ಅದು ವಾಸನೆ. ಈ ಕುದುರೆಗಳಲ್ಲಿ ಹೆಚ್ಚಿನವು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನವು. ಹತ್ತಿ ಅಥವಾ ಮರದ ನಾರಿಗೆ ಅಸಿಟಿಕ್ ಆಮ್ಲದ ಅಂಶ ಸೇರಿಸಿ ಮಾಡುವ ವಸ್ತು. ಕನ್ನಡಕದ ಫ್ರೇಮಿಗೂ ಇದೇ, ಹಳೆಯ ಸಿನಿಮಾ ರೀಲಿಗೂ ಇದೇ. ಅಸಿಟಿಕ್ ಆಮ್ಲ ಅಂದರೆ ನಮ್ಮ ಅಡುಗೆಮನೆಯ ವಿನೆಗರ್ ಹುಳಿ. ಸೆಖೆ ಮತ್ತು ತೇವ ಎರಡೂ ಸೇರಿದರೆ ಆ ಆಮ್ಲ ನಾರಿನಿಂದ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡ ಆಮ್ಲ ಉಳಿದದ್ದನ್ನೂ ಕೆಡಿಸುತ್ತದೆ. ಮೊಸರಿಗೆ ಹೆಪ್ಪು ಬಿದ್ದ ಹಾಗೆ, ಶುರುವಾದ ಮೇಲೆ ವೇಗ ಹೆಚ್ಚುತ್ತಲೇ ಹೋಗುತ್ತದೆ. ಮೊದಲು ವಿನೆಗರ್ ವಾಸನೆ, ಆಮೇಲೆ ಮೈ ಅಂಟಂಟು, ಕೊನೆಗೆ ಕುದುರೆ ಸೊರಗಿ ಸೊಟ್ಟಗಾಗುತ್ತದೆ. ಸಂಗ್ರಹಕಾರರು ಇಂಥವನ್ನು 'ಶ್ರಿಂಕಿ' ಅನ್ನುತ್ತಾರೆ.

ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ನಮ್ಮ ಊರು ಇದಕ್ಕೆ ಹೇಳಿ ಮಾಡಿಸಿದ ಜಾಗ. ನನ್ನ ಬಳಿಯ ಒಂದು ಹಳೆಯ ಕುದುರೆ ಹೀಗೇ ಹೋಯಿತು. ತಪ್ಪು ನನ್ನದೇ. ಧೂಳು ಕೂರಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದೆ. ಹೊರಬಂದ ಆಮ್ಲಕ್ಕೆ ಹೋಗಲು ದಾರಿ ಇರಲಿಲ್ಲ. ಎರಡು ಮಳೆಗಾಲ ಕಳೆದು ಬಿಚ್ಚಿದಾಗ ಉಪ್ಪಿನಕಾಯಿ ಭರಣಿ ತೆರೆದಂತಾಯಿತು. ಹಿಂಗಾಲು ಒಳಕ್ಕೆ ಬಾಗಿತ್ತು, ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ.

ಆಮೇಲೆ ಕಲಿತದ್ದು ಇಷ್ಟು. ಗಾಜಿನ ಕಪಾಟಾದರೂ ಗಾಳಿಯಾಡಲು ಸಂದು ಇರಲಿ. ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಒಣಗಿಸಿ ಅಥವಾ ಬದಲಾಯಿಸಿ. ಪಡುವಣ ಬಿಸಿಲು ಬೀಳುವ ಗೋಡೆ ಬೇಡ. ನಿಲ್ಲಿಸಿದ ಕಾರಿನಲ್ಲಿ ಅರ್ಧ ಗಂಟೆಯೂ ಬಿಡಬೇಡಿ. ಬಟ್ಟೆ ಕಪಾಟಿನ ನುಸಿಗುಳಿಗೆ ಇಲ್ಲಿ ಬೇಡವೇ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ಒಂದು ಕುದುರೆಗೆ ಹುಳಿ ವಾಸನೆ ಬಂದರೆ ಅವತ್ತೇ ಉಳಿದವುಗಳಿಂದ ದೂರ ಇಡಿ. ಕೆಟ್ಟದ್ದನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ.

ಹೊಸ ಕುದುರೆಗೆ ನಾನು ಸಫೋಕ್ ಚೀಟಿ ತೆಗೆದುಬಿಟ್ಟೆ. ಕ್ಲೈಡ್ಸ್‌ಡೇಲ್ ಅಂತ ಬರೆಯೋಣ ಅಂದರೆ ಬಣ್ಣ ಒಪ್ಪುವುದಿಲ್ಲ. ಮಾವನನ್ನೇ ಕೇಳಿದೆ.

"ಮಾವ, ಇದಕ್ಕೆ ಏನು ಅಂತ ಬರೆಯಲಿ?"

"ಗಾಡಿಯದ್ದು ಅಂತ ಬರಿ. ಗದ್ದೆಗೆ ಇಳಿಸಬೇಡ."

ಹಾಗೇ ಬರೆದಿಟ್ಟಿದ್ದೇನೆ. ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಗಾಜಿನ ಬಾಗಿಲು ತೆರೆದು ಹತ್ತಿರ ಹೋಗಿ ಮೂಸುತ್ತೇನೆ. ಸದ್ಯಕ್ಕೆ ಒದ್ದೆ ರಟ್ಟಿನ ವಾಸನೆ ಮಾತ್ರ.